ಸೀನುರಾಜನ ಸೇಡು

ಮೂರು ದಿನದಿಂದ ಜಿನುಗುತ್ತಿದ್ದ ಮಳೆ ಆ ಬೆಳಿಗ್ಗೆ ಬಿಟ್ಟು, ಗಾಳಿಯೂ ಬಿಸಿಲೂ ಜೊತೆಯಾಗಿ ಬಂದಿದ್ದವು. ಲಾಂಡ್ರಿಯ ಹಿತ್ತಲಲ್ಲಿ ಹಗ್ಗದ ತುಂಬ ಊರವರ ಬಟ್ಟೆ. ಇಂಥ ದಿನ ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದು ಕಿರಿಯಾಕೆ ಹೊದಿಕೆ ಹಿಂಡುತ್ತಿದ್ದಳು. ಹಿಂದಿನಿಂದ ಬಂದ ಹಿರಿಯ ಓರಗಿತ್ತಿ ಗಂಟಲು ಸರಿಮಾಡಿಕೊಂಡಳು.

"ಏನೇ, ಆ ಕೆಂಪು ಬಟ್ಟೇನೂ ಒಂದ್ಸಲ ನೀರಿಗೆ ಹಾಕೋಣ್ವಾ? ಬಿಸಿಲು ಚೆನ್ನಾಗಿದೆ."

ತೊಟ್ಟಿಯ ಸುತ್ತ ಇದ್ದ ಹೆಂಗಸರ ಕೈ ನಿಂತಿತು.

"ಅಯ್ಯೋ ಅಕ್ಕ, ಅದನ್ನ ಒಗೆದ್ರೆ ನಾಟಕದ ಕಳೆನೇ ಹೋಗುತ್ತೆ ಅಂತ ಹನ್ನೊಂದು ವರ್ಷದಿಂದ ಹೇಳ್ತಿರೋರು ನೀವೇ ಅಲ್ವಾ?"

ಹಿರಿಯಾಕೆ ಮೂಗು ಉಜ್ಜಿಕೊಳ್ಳುತ್ತ ಒಳಗೆ ಹೋದಳು. ತೊಟ್ಟಿಯ ಸುತ್ತ ನಗು ನೊರೆಯಂತೆ ಎದ್ದಿತು.

ಲಾಂಡ್ರಿಯ ಹೆಂಗಸರು ವರ್ಷಕ್ಕೊಮ್ಮೆ ಆಡುವ ಹಳೆಯ ನಾಟಕ ಅದು. ತಂದೆಯನ್ನು ಕೊಂದ ರಾಜನನ್ನು ರಾಜಕುಮಾರಿ ಕೊಂದು, ಹೆಣಕ್ಕೆ ಕೆಂಪು ಬಟ್ಟೆ ಹೊದಿಸಿ, ಸೇಡು ತೀರಿತೆಂದು ಸಾರುತ್ತಾಳೆ. ಎದೆಯವರೆಗೆ ಹೊದಿಸಬೇಕೆಂದು ಪುಸ್ತಕದಲ್ಲಿದೆ. ರಾಜಕುಮಾರಿಯಾಗುತ್ತಿದ್ದ ಹಿರಿಯಾಕೆ ಮಾತ್ರ ಪ್ರತಿ ವರ್ಷ ತಲೆಯವರೆಗೂ ಎಳೆಯುತ್ತಿದ್ದಳು; ಹೆಣದ ಮುಖ ಕಾಣುತ್ತಿದ್ದರೆ ತನ್ನ ಮಾತಿಗೆ ಯಾರು ಕಿವಿಗೊಡುತ್ತಾರೆ? ಊರಿನ ಕೊಳೆಯನ್ನೆಲ್ಲ ತೆಗೆಯುವ ಕೈಗಳು ಮುಟ್ಟದೆ ಬಿಟ್ಟ ಬಟ್ಟೆ ಅದೊಂದೇ. ಮೂರನೆಯ ವರ್ಷ, ಆ ಧೂಳಿನಡಿ ರಾಜನಾಗಿ ಸತ್ತು ಬಿದ್ದಿದ್ದ ಕಿರಿಯಾಕೆ ಸೀನಿಬಿಟ್ಟಳು. ಅಂದಿನಿಂದ ಅವಳು 'ಸೀನುರಾಜ'. ಕಟ್ಟಿಕೊಂಡ ಗಂಡನೂ ಹಾಗೆಯೇ ಕರೆಯುತ್ತಿದ್ದ.

ಈ ವರ್ಷ ಹಿರಿಯಾಕೆಗೆ ಮಂಡಿ ನೋವು. ನಿಂತು ಮಾತಾಡುವ ರಾಜಕುಮಾರಿ ಬೇಡ, ಕುಳಿತಲ್ಲೇ ಸಾಯುವ ರಾಜನೇ ಸರಿ ಎಂದು ಎಲ್ಲರೂ ತೀರ್ಮಾನಿಸಿದ್ದರು. ರಾಜಕುಮಾರಿಯ ಪಾತ್ರ ಸಿಕ್ಕಿದ ಕಿರಿಯಾಕೆ ಕೆಂಪು ಬಟ್ಟೆಯಿಂದ ಒಂದು ಕಣ ಧೂಳೂ ಉದುರದಂತೆ, ಕೂಸನ್ನು ಎತ್ತಿಕೊಳ್ಳುವಷ್ಟು ಜೋಪಾನವಾಗಿ ಮಡಿಸಿಟ್ಟಳು. ನಾಟಕ ಯಾವ ಕಾಲದ್ದೋ ಯಾರಿಗೂ ತಿಳಿಯದು. ಸೇಡು ಮಾತ್ರ ಈಗತಾನೆ ಇಸ್ತ್ರಿಯಾದ ಅಂಗಿಯಂತೆ ಬಿಸಿಬಿಸಿಯಾಗಿತ್ತು.

ಮಧ್ಯಾಹ್ನ ಹಿತ್ತಲು ತುಂಬಿತು. ರಾಜಕುಮಾರಿ ಮರದ ಕತ್ತಿ ಬೀಸಿದಳು, ರಾಜ ಉರುಳಿದ. ಕಿರಿಯಾಕೆ ಬಟ್ಟೆ ಬಿಡಿಸಿದಳು. ಬಿಸಿಲಿಗೆ ಧೂಳು ಎದ್ದು ಕುಣಿಯಿತು. ಮುಂದಿನ ಸಾಲಿನಲ್ಲಿ ಗಂಡ ಆಗಲೇ ನಗಲು ಬಾಯಿ ತೆರೆದಿದ್ದ. ಅವಳು ಬಗ್ಗಿ ನೋಡಿದರೆ ಹೆಣದ ರೆಪ್ಪೆ ನಡುಗುತ್ತಿತ್ತು. ಅಂಟಿಸಿದ ಮೀಸೆಯ ಕೆಳಗೆ ತುಟಿ, "ದೇವರೇ, ಕಾಪಾಡಪ್ಪಾ" ಎನ್ನುತ್ತಿತ್ತು. ಅದೇ ಬಟ್ಟೆಯ ಕೆಳಗೆ ಇಷ್ಟು ವರ್ಷ ತಾನು ಹೇಳಿಕೊಂಡಿದ್ದೂ ಅದೇ ಮಾತು.

ಎದೆಯ ಬಳಿ ಅವಳ ಕೈ ನಿಂತಿತು. ಹೊಸ ಸೊಸೆಯಾಗಿ ಬಂದ ವರ್ಷ ತಾನು ಜ್ವರದಲ್ಲಿ ಮಲಗಿದ್ದಾಗ ಈ ಅಕ್ಕ ಮಾಡಿದ್ದಂತೆಯೇ, ಹೊದಿಕೆಯ ಅಂಚನ್ನು ಗಲ್ಲದ ಕೆಳಗೆ ಮೆಲ್ಲನೆ ಮಡಿಚಿದಳು. ಎದ್ದು ಸಭೆಗೆ ಮುಖ ಮಾಡಿ, "ತಂದೆಯೇ, ಇಂದಿಗೆ ನನ್ನ ಸೇಡು..." ಎಂದವಳೇ, ಹಗ್ಗದ ಬಟ್ಟೆಯೆಲ್ಲ ಅದುರುವಂತೆ ಸೀನಿದಳು.

ಅವಳ ಕಾಲಬುಡದಲ್ಲಿದ್ದ ಹೆಣ, ಮನೆಯಲ್ಲಿ ಮಕ್ಕಳು ಸೀನಿದಾಗ ಹೇಳಿ ಹೇಳಿ ರೂಢಿಯಾಗಿದ್ದಂತೆ, ಕಣ್ಣು ಮುಚ್ಚಿಕೊಂಡೇ ಗಟ್ಟಿಯಾಗಿ ಹರಸಿತು:

"ನೂರು ವರ್ಷ ಬಾಳು ಕಣೇ!"

ಹಿತ್ತಲಿಡೀ ಎದ್ದ ನಗೆಯಲ್ಲಿ ಪರದೆ ಎಳೆಯುವುದನ್ನೂ ಮರೆತರು. ಸಂಜೆಯೊಳಗೆ ಸೀನುರಾಜ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ 'ಮಾತಾಡೋ ಹೆಣ'.

ಮಾರನೆಯ ಮಧ್ಯಾಹ್ನ ಹಿರಿಯಾಕೆ ಮಡಿಸಿದ ಬಟ್ಟೆಯೊಂದನ್ನು ಕಿರಿಯಾಕೆಯ ಕೈಗಿತ್ತು, ಕುಂಟುತ್ತ ತನ್ನ ತೊಟ್ಟಿಯತ್ತ ನಡೆದಳು. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಕಿರಿಯಾಕೆ ಬಿಡಿಸಿ ನೋಡಿದಳು. ಧೂಳು ಹೋದ ಆ ಕೆಂಪಿನ ತುಂಬ, ಇಷ್ಟು ವರ್ಷ ಯಾರೂ ಕಾಣದ ಸಣ್ಣ ಸಣ್ಣ ಬಿಳಿಯ ಹೂಗಳಿದ್ದವು.