ಇಲ್ಲಿ ಏನನ್ನೂ ಕರಿಯಬಾರದು

ಕಾದ ಎಣ್ಣೆಗೆ ಹಿಟ್ಟು ಬಿದ್ದಾಗ ಏಳುವ ವಾಸನೆಗೆ, ಈ ಅರವತ್ತೆಂಟರಲ್ಲೂ, ರಾಬಿಗಾಳಿಗೆ ಅಜ್ಜಿಯ ಮಡಿಲು ನೆನಪಾಗುತ್ತಿತ್ತು. “ಸತ್ತವರು ಉಣ್ಣೋದಿಲ್ಲ ಮಗಾ. ವಾಸನೆ ಸಿಕ್ಕರೆ ಸಾಕು, ನಮ್ಮನ್ನ ಮರೆತಿಲ್ಲ ಅಂದ್ಕೊಂಡು ಸಮಾಧಾನವಾಗಿ ಹೋಗ್ತಾರೆ,” ಎನ್ನುತ್ತ ಅಜ್ಜಿ ಶುಕ್ರವಾರ ಶುಕ್ರವಾರ ಏಳು ಶೆಲ್ಪೆಕ್ ರೊಟ್ಟಿ ಕರಿಯುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಗಂಡ ತುರಾರ್ ತೀರಿಕೊಂಡ ಮೇಲೆ ರಾಬಿಗಾ ಒಂದು ಶುಕ್ರವಾರವನ್ನೂ ತಪ್ಪಿಸಿರಲಿಲ್ಲ.

ಇವತ್ತೂ ಶುಕ್ರವಾರವೇ. ಆದರೆ ಮನೆ ತಮ್ಮೂರು ಅಲ್ಮಾಟಿಯದಲ್ಲ; ಗಡಿಯಾಚೆ ಕಿರ್ಗಿಜರ ನಾಡಿನಲ್ಲಿ, ಇಸಿಕ್‌ಕುಲ್ ಸರೋವರದ ದಡದಲ್ಲಿ ಹತ್ತು ದಿನಕ್ಕೆ ಹಿಡಿದ ಬಾಡಿಗೆ ಮನೆ. ತಾಯಿಯ ಮಂಡಿನೋವಿಗೆ ಉಪ್ಪುನೀರು ಒಳ್ಳೆಯದೆಂದು ಮಗಳು ಕೊರ್ಲಾನ್ ಹಟ ಹಿಡಿದು ಕರೆತಂದಿದ್ದಳು. ಅವಳು ಬಟ್ಟೆಗಳನ್ನು ಬೀರುವಿಗೆ ಜೋಡಿಸುತ್ತಿದ್ದರೆ, ರಾಬಿಗಾ ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಮೂರನೆಯ ಸಲ ಓದಿದಳು: ‘ಇಲ್ಲಿ ಏನನ್ನೂ ಕರಿಯಬಾರದು.’

“ಒಂದು ವಾರ ಬಿಟ್ರೆ ಅಪ್ಪ ಬೇಜಾರು ಮಾಡ್ಕೊಳ್ತಾರಾ ಅಮ್ಮ?”

“ಬೇಜಾರು ಮಾಡ್ಕೊಳ್ಳೋ ಮನುಷ್ಯ ಅಲ್ಲ. ಕಾಯ್ತಾರೆ. ಅಲ್ಮಾಟಿ ಮನೆ ಬೀಗದ ಮುಂದೆ ನಿಂತು ಸುಮ್ನೆ ಕಾಯ್ತಾರೆ.”

“ಇಲ್ಲಿ ಕರಿದ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ?”

“ಅದೇ ನನ್ನ ಚಿಂತೆ. ಸಂತೆಗೆ ಹೋದ್ರೇ ದಾರಿ ತಪ್ಪಿಸ್ಕೊಳ್ತಿದ್ರು. ಇನ್ನು ಗಡಿ ದಾಟಿ ಈ ಮನೆ ಹುಡುಕ್ತಾರಾ?”

ಕೊರ್ಲಾನ್‌ಗೆ ನಗು ಬಂತು, ಆದರೆ ಕರಿಯಲು ಅವಳು ಒಪ್ಪಲಿಲ್ಲ. ಮನೆಯೊಡತಿ ಬುರುಲ್ ಕೀಲಿ ಕೊಡುವಾಗ ನಕ್ಕಿರಲೇ ಇಲ್ಲ. ಈ ನಲ್ಲಿಯನ್ನು ಮೊದಲು ಎಡಕ್ಕೆ ತಿರುಗಿಸಿ, ಇಲ್ಲದಿದ್ದರೆ ಮೈಮೇಲೆ ಉಗುಳುತ್ತದೆ. ಆ ಕಿಟಕಿಯನ್ನು ತುಸು ಎತ್ತಿ ನೂಕಿ. ಗೋಡೆಗೆ ಹೊಸ ಬಣ್ಣ, ಕೈ ಒರೆಸಬೇಡಿ. ಒಂದೊಂದನ್ನೂ ಎರಡೆರಡು ಸಲ ಹೇಳಿ ಹೋಗಿದ್ದಳು. “ಆಗಸ್ಟ್ ತಿಂಗಳಮ್ಮ ಇದು. ಆಕೆ ಹೊರಗೆ ಹಾಕಿದ್ರೆ ಸರೋವರದ ಸುತ್ತ ಎಲ್ಲೂ ಒಂದು ಮಂಚ ಸಿಗೋದಿಲ್ಲ,” ಎಂದು ಗೊಣಗುತ್ತ ಕೊರ್ಲಾನ್ ಚಹಾಪುಡಿ ತರಲು ಅಂಗಡಿಗೆ ಹೋದಳು. ಬಂದಾಗ ಚೀಲದಿಂದ ಹಿಟ್ಟಿನ ಪೊಟ್ಟಣ, ಎಣ್ಣೆಯ ಬಾಟಲಿ ತೆಗೆದು ತಾಯಿಯ ಮುಂದಿಟ್ಟಳು. ಚಹಾಪುಡಿಯನ್ನೇ ಮರೆತಿದ್ದಳು.

“ಬೈದ್ರೆ ನಾನೇ ಕರಿದೆ ಅಂತೀನಿ. ಬೇಗ ಮುಗಿಸು.”

ನಾಲ್ಕನೆಯ ರೊಟ್ಟಿ ಎಣ್ಣೆಯಲ್ಲಿ ಉಬ್ಬುತ್ತಿದ್ದಾಗ ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಾಯಿತು. ಬುರುಲ್ ನೆಟ್ಟಗೆ ಅಡುಗೆಮನೆಗೇ ಬಂದಳು.

“ಚೀಟಿ ಓದ್ಲಿಲ್ವಾ?”

“ಓದ್ದೆ ತಂಗಿ.” ರಾಬಿಗಾ ಒಲೆ ಆರಿಸಿದಳು. ಮಗಳು ಬಾಯಿ ತೆರೆಯುವ ಮೊದಲೇ, “ಮಗಳದೇನೂ ತಪ್ಪಿಲ್ಲ,” ಎಂದಳು.

ಬುರುಲ್ ತಟ್ಟೆಯಲ್ಲಿದ್ದ ಮೂರು ರೊಟ್ಟಿಗಳನ್ನು ನೋಡಿದಳು. ಅವಳ ದನಿ ಇಳಿಯಿತು. “ಯಾರಿಗೆ?”

“ನಮ್ಮ ಮನೆಯವರಿಗೆ. ಚಳಿಗಾಲದಲ್ಲಿ ಹೋದ್ರು.”

ಬುರುಲ್ ತಿರುಗಿ ನೋಡದೆಯೇ ಫ್ರಿಜ್ಜಿನ ಹಿಂದಕ್ಕೆ ಕೈ ಹಾಕಿ, ಅಲ್ಲಿದ್ದ ಸ್ಟೂಲನ್ನು ಎಳೆದು, ಕಿಟಕಿಯ ಪಕ್ಕ ಕುಳಿತಳು.

“ಇಲ್ಲಿ ಕೂತೇ ನಮ್ಮವರು ಚಹಾ ಕುಡೀತಿದ್ರು. ಅವರು ಹೋಗಿ ಆರು ವರ್ಷ ಅಕ್ಕ. ಬೇಸಿಗೆ ಪೂರ್ತಿ ಮನೆ ಬಾಡಿಗೆಗೆ ಬಿಟ್ಟು ನಾನು ಅಂಗಳದ ಶೆಡ್ಡಿನಲ್ಲಿರ್ತೀನಿ. ಶುಕ್ರವಾರ ಅಲ್ಲೇ ಕರೀತೀನಿ. ಆದ್ರೆ ಶೆಡ್ಡು ಅವರು ನೋಡೇ ಇಲ್ಲ, ಆಮೇಲೆ ಕಟ್ಟಿಸಿದ್ದು. ಇಲ್ಲಿಗೇ ಬಂದು, ಯಾರೋ ಗುರುತಿಲ್ಲದವರು ಇರೋದನ್ನ ನೋಡಿ, ವಾಪಸ್ ಹೋಗ್ತಾರೇನೋ ಅಂತ…”

“ಹೆಸರೇನಮ್ಮ ಅವರದು?”

“ಎಸೆನ್.”

ರಾಬಿಗಾ ಒಲೆಯನ್ನು ಮತ್ತೆ ಹಚ್ಚಿದಳು. ಬುರುಲ್ ಎದ್ದು ಕಿಟಕಿಯನ್ನು ತುಸು ಎತ್ತಿ ಪೂರ್ತಿ ತೆರೆದಳು. ಏಳನೆಯ ರೊಟ್ಟಿ ತಟ್ಟೆಗೆ ಬಂದ ಮೇಲೆ ರಾಬಿಗಾ ಅಂಗೈ ಎತ್ತಿ, ತುರಾರ್ ಹೆಸರಿನ ಜೊತೆಗೆ ಎಸೆನ್ ಹೆಸರನ್ನೂ ಹೇಳಿ ಪ್ರಾರ್ಥಿಸಿದಳು. ಮೂವರೂ ಮುಖದ ಮೇಲೆ ಕೈಯಾಡಿಸಿಕೊಂಡರು.

“ನಮ್ಮವರಿಗೆ ದಾರಿ ತಿಳಿಯೋದಿಲ್ಲ, ಅದೊಂದೇ ಯೋಚನೆ,” ಎಂದಳು ರಾಬಿಗಾ.

“ನಮ್ಮವರು ಇಲ್ಲಿಂದ ಅಲ್ಮಾಟಿಗೆ ಇಪ್ಪತ್ತು ವರ್ಷ ಬಸ್ ಓಡಿಸಿದೋರು,” ಎಂದಳು ಬುರುಲ್. “ಬರ್ತಾ ನಿಮ್ಮವರನ್ನೂ ಹತ್ತಿಸ್ಕೊಂಡು ಬರ್ತಾರೆ ಬಿಡಿ.”

ರಾಬಿಗಾ ಮೂರು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಬುರುಲ್ ಕೈಗೆ ಕೊಟ್ಟಳು. ಹೊರಡುವವಳನ್ನು ಕೊರ್ಲಾನ್ ಅಳುಕುತ್ತ ಕೇಳಿದಳು, “ಆ ಚೀಟಿ?”

“ಇರ್ಲಿ. ಅದು ಮೀನು ಕರಿಯೋರಿಗೆ.”

ಸಂಜೆ ನೀರಿನ ಮೇಲೆ ಬಿಸಿಲು ಇಳಿಯುತ್ತಿದ್ದಾಗ ಯಾರೋ ಮೆಲ್ಲಗೆ ಬಾಗಿಲು ತಟ್ಟಿದರು. ರಾಬಿಗಾ ಕುಂಟುತ್ತ ಹೋಗಿ ತೆರೆದಳು. ಬುರುಲ್ ನಿಂತಿದ್ದಳು. ಕೀಲಿಗೊಂಚಲು ಅವಳ ಸೊಂಟದಲ್ಲೇ ನೇತಾಡುತ್ತಿತ್ತು.

“ನಿಮ್ಮನೆಗೆ ನೀವೇ ಬಾಗಿಲು ತಟ್ಟೋದಾ ತಂಗಿ?”

ಬುರುಲ್ ಹೊಸಿಲಿನ ಹೊರಗೇ ನಿಂತು, ತಟ್ಟೆ ಮುಚ್ಚಿದ ಬಿಸಿ ಸಾರಿನ ಬಟ್ಟಲನ್ನು ಎರಡೂ ಕೈಯಿಂದ ಒಳಗೆ ನೀಡಿದಳು.