ಗಂಡನ ಚೂರು, ಅತ್ತೆಯ ಚೂರು

ಸತ್ತವರ ಚಿತೆಯ ಬೂದಿಯಲ್ಲಿ ಒಂದೊಂದು ಗಾಜಿನ ಚೂರು ಸಿಗಲು ಶುರುವಾದ ಮೇಲೆ ಚನ್ನಪಟ್ಟಣದ ವೀರಭದ್ರಾಚಾರಿಯವರು ಬುಗುರಿ ಮಾಡುವುದನ್ನು ಬಿಟ್ಟು, ತಿರುಗಿಸಿದಂತೆ ಚಿತ್ತಾರ ತೋರುವ ಕೆಲಿಡೋಸ್ಕೋಪ್ ಮಾಡತೊಡಗಿದರು. ಹಾಲೆಮರದ ಕೊಳವೆ, ಒಳಗೆ ಮೂರು ಕನ್ನಡಿ, ತುದಿಯಲ್ಲಿ ಆಯಾ ಮನೆಯವರ ಚೂರುಗಳು.

ಪುಟ್ಟತಾಯಮ್ಮ ಸೆರಗಿನ ಗಂಟು ಬಿಚ್ಚಿ, ಹೋದ ತಿಂಗಳು ತೀರಿಕೊಂಡ ಗಂಡನ ಹಸಿರು ಚೂರನ್ನೂ ಅತ್ತೆಯ ಹಳೆಯ ಕೆಂಪು ಚೂರನ್ನೂ ಮುಂದಿಟ್ಟಳು.

"ಇಬ್ರುನ್ನೂ ಬೇರೆ ಬೇರೆ ಮಾಡ್ಕೊಡಿ ಆಚಾರ್ರೇ. ಬದುಕಿರೋಗಂಟ ಆಯಮ್ಮ ಮಗನ್ನ ಒಂದಿನಾನೂ ನಂಗೆ ಬಿಟ್ಕೊಡ್ನಿಲ್ಲ."

ಆಚಾರಿ ಹಸಿರು ಚೂರನ್ನು ಮಾತ್ರ ಕೊಳವೆಗೆ ಹಾಕಿಕೊಟ್ಟರು. ಅವಳು ಕಣ್ಣಿಗಿಟ್ಟು ತಿರುಗಿಸಿದಳು. ಚೂರು ಮೂಲೆ ಹಿಡಿದು ಕೂತೇ ಇತ್ತು.

"ಅಲ್ಲಾಡ್ತಾನೇ ಇಲ್ವಲ್ಲ?"

"ಕೆಲವ್ರು ಹಂಗೇ ಕಣಮ್ಮ. ತಳ್ಳೋಕೆ ಜೊತೇಲಿ ಒಬ್ರಿರ್ಬೇಕು."

ಪುಟ್ಟತಾಯಮ್ಮ ಕೊಳವೆ ಕೆಳಗಿಟ್ಟು, ಕೆಂಪು ಚೂರನ್ನು ಅವರತ್ತ ಸರಿಸಿದಳು. ಅದನ್ನೂ ಹಾಕಿದ ಮೇಲೆ ಕೊಳವೆಯೊಳಗೆ ಹೂವೊಂದು ಅರಳಿತು, ಮುದುಡಿತು, ಮತ್ತೆ ಅರಳಿತು. ಅವಳು ತುಂಬಾ ಹೊತ್ತು ನೋಡಿದಳು.

"ಇನ್ನೊಂದು ಚೂರಿಗೆ ಜಾಗ ಐತಾ?"

"ಐತೆ."

"ಹಂಗಾದ್ರೆ ನಾನು ಬರೋಗಂಟ ಮುಚ್ಚಳಕ್ಕೆ ಅರಗು ಹಾಕ್ಬೇಡಿ."