ಕೋಟೆಯ ಮೆಟ್ಟಿಲಿಗೆ ಕುಂಕುಮ

ಅಮೆರಿಕದ ಫ್ರೀಮಾಂಟಿನ ನಮ್ಮ ಮನೆಯಲ್ಲಿ ಅಜ್ಜಿಯ ಕುಂಕುಮದ ಡಬ್ಬಿ ತೆರೆದಾಗಲೆಲ್ಲ ಫ್ರಾನ್ಸಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ಬೇಸಿಗೆ ರಜೆಗೆ ಹೋಗಿದ್ದ ನಾವು ದ್ರಾಕ್ಷಿ ತೋಟಗಳ ನಡುವೆ ಎರಡು ಗಂಟೆ ನಡೆದು, ಗುಡ್ಡದ ಮೇಲಿನ ಹಳೆಯ ಕೋಟೆಯ ಬುಡ ತಲುಪಿದ್ದೆವು. ಮೈಸೂರಿನಿಂದ ಬಂದಿದ್ದ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾಮುಂಡಿ ಬೆಟ್ಟದಲ್ಲಿ ಮಾಡುವಂತೆ ಪ್ರತಿ ಮೆಟ್ಟಿಲಿಗೂ ಬಗ್ಗಿ ಕುಂಕುಮ ಇಡತೊಡಗಿದರು.

"ಅಮ್ಮಾ, ಇದು ದೇವಸ್ಥಾನ ಅಲ್ಲ. ಫೈನ್ ಹಾಕ್ತಾರೆ!" ಅಪ್ಪ ಸಿಡುಕಿದರು.

"ಈ ಕಲ್ಲು ಏಳುನೂರು ವರ್ಷದಿಂದ ಜನರನ್ನ ಹೊತ್ತಿದೆ ಅಂತ ನೀನೇ ಹೇಳಿದ್ಯಲ್ಲೋ. ಸುಮ್ನೆ ತುಳ್ಕೊಂಡು ಹೋಗ್ಲಾ?"

ಅಷ್ಟರಲ್ಲಿ ಕಾವಲಿನ ಹೆಂಗಸು ಕೂಗುತ್ತಾ ಇಳಿದು ಬಂದಳು. ಅಪ್ಪ ಆಕೆಯ ಕ್ಷಮೆ ಕೇಳಿ, ಅಜ್ಜಿಯ ಕೈಯಿಂದ ಡಬ್ಬಿ ಕಿತ್ತುಕೊಂಡು, ಒದ್ದೆ ಕರವಸ್ತ್ರದಿಂದ ಮೆಟ್ಟಿಲು ಒರೆಸಿದರು. "ನೀನಿನ್ನು ಇಲ್ಲೇ ಕೂತಿರು" ಎಂದರು.

ಅಜ್ಜಿ ಕೂರಲಿಲ್ಲ. ಮುಂದಿನ ಮೆಟ್ಟಿಲನ್ನು ಬರಿಗೈಯಲ್ಲೇ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಹೆಂಗಸು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಡ್ಯಾಡ್, ಐ ಆಮ್ ಗೋಯಿಂಗ್ ವಿತ್ ಅಜ್ಜಿ" ಎಂದು ನಾನೂ ಬಗ್ಗಿದೆ. ಕಲ್ಲು ನಡುಭಾಗದಲ್ಲಿ ಬಟ್ಟಲಿನಂತೆ ಸವೆದು, ಬಿಸಿಲಿಗೆ ಬೆಚ್ಚಗಿತ್ತು.

ಅಜ್ಜಿ ಬೆರಳಲ್ಲಿ ಉಳಿದಿದ್ದ ಕುಂಕುಮವನ್ನು ನನ್ನ ಹಣೆಗೆ ಒತ್ತಿ, ಅಪ್ಪನತ್ತ ತಿರುಗಿದರು.

"ಇದನ್ನ ಒರೆಸು, ನೋಡೋಣ."